ನೀರಿನ ಜಗಳಕ್ಕೆ ಮೊದಲು ನೀರಿನ ಲೆಕ್ಕ

ಚಾನಲ್‌ಗೆ ನೀರು ಬಿಟ್ಟ ವಾರದಲ್ಲಿ ತ್ಯಾವಣಿಗೆಯ ಯಾವುದೇ ಚಹಾದಂಗಡಿ ಮುಂದೆ ಅರ್ಧ ಗಂಟೆ ಕೂತು ನೋಡಿ. "ನಿಮಗೇನ್ರಿ, ಮೇಲಿನೋರು. ಗದ್ದೆ ತುಂಬಿ ಹಳ್ಳಕ್ಕೆ ಹರಿತಾ ಐತೆ" ಎಂದು ಒಬ್ಬರು. "ಅಯ್ಯೋ, ನಮ್ಮ ತೂಬಿಗೇ ಅರ್ಧ ನೀರು ಬರ್ತಿಲ್ಲ ಮಾರಾಯ್ರೆ, ನೀವು ಕೆಳಗಿನೋರು ಸುಮ್ನೆ ಕೂಗ್ತೀರಿ" ಎಂದು ಇನ್ನೊಬ್ಬರು. ಮೂರನೆಯವರು ಸೌಡಿಯನ್ನು ಬೈಯುತ್ತಾರೆ. ನಾಲ್ಕನೆಯವರು ಎಂಜಿನಿಯರನ್ನು. ಚಹಾ ಮುಗಿಯುತ್ತದೆ, ಮಾತು ಮುಗಿಯುವುದಿಲ್ಲ.

ನಾನೂ ಈ ಮಾತಿನಲ್ಲಿ ಪಾಲುದಾರ. ಉಪನಾಲೆಯೊಂದರ ಕೊನೆಯಲ್ಲಿ ಜಮೀನಿರುವವನು. ಒಂದು ದಿನ ಪೇಟೆಯಲ್ಲಿ ಓದಿ ಬಂದ ಹುಡುಗನೊಬ್ಬ ನಮ್ಮ ನಡುವೆ ಕೂತು ಕೇಳಿದ: "ಮಾವ, ಮೇಲಿನ ತೂಬಿಗೆ ಎಷ್ಟು ಬರ್ತೈತೆ, ಕೆಳಗಿನ ತೂಬಿಗೆ ಎಷ್ಟು ಬರ್ತೈತೆ? ಯಾರಾದ್ರೂ ಅಳೆದೀರಾ?"

ಯಾರೂ ಅಳೆದಿರಲಿಲ್ಲ. ನಾನೂ ಅಷ್ಟೆ. ಇಷ್ಟು ವರ್ಷ ನಾವು ಜಗಳವಾಡಿದ್ದು ಅಂದಾಜಿನ ಮೇಲೆ. ಒಂದೇ ನೀರನ್ನು ಹಂಚಿಕೊಂಡವರು ಒಟ್ಟಿಗೆ ಕೂತು ಅಳೆದು ಕಲಿಯುವುದು ಹೇಗೆ, ಬೇರೆ ಕಡೆ ಅದನ್ನು ಯಾರು ಮಾಡಿದ್ದಾರೆ, ಅವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ನಮ್ಮ ಚಾನಲ್ ಮೇಲೆ ಅದನ್ನು ಹೇಗೆ ಶುರು ಮಾಡಬಹುದು ಎಂದು ಹೇಳುವುದಷ್ಟೇ ಈ ಬರಹದ ಉದ್ದೇಶ.

ಒಂದೇ ನದಿ, ನಾಲ್ಕು ಬಗೆಯ ರೈತರು

ಮೊದಲು ನಮ್ಮ ನೀರಿನ ಪರಿಚಯ ಮಾಡಿಕೊಳ್ಳೋಣ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 1965ರಲ್ಲಿ ಪೂರ್ಣಗೊಂಡಿತು. 186 ಅಡಿ ತುಂಬಿದರೆ ಅದರಲ್ಲಿ ನಿಲ್ಲುವುದು 71.5 ಟಿಎಂಸಿ. ಎಡದಂಡೆ ನಾಲೆ ಸುಮಾರು 77 ಕಿಲೋಮೀಟರ್, ಬಲದಂಡೆ ನಾಲೆ ಸುಮಾರು 103 ಕಿಲೋಮೀಟರ್. ಬಲದಂಡೆಯಿಂದ ದಾವಣಗೆರೆ, ಮಲೇಬೆನ್ನೂರು ಕಡೆಗೆ ಶಾಖಾನಾಲೆಗಳು ಒಡೆಯುತ್ತವೆ. ಅವುಗಳಿಂದ ಉಪನಾಲೆ, ಉಪನಾಲೆಯಿಂದ ತೂಬು, ತೂಬಿನಿಂದ ಹೊಲಗಾಲುವೆ. ಒಟ್ಟು ಅಚ್ಚುಕಟ್ಟು ಸುಮಾರು 2.6 ಲಕ್ಷ ಎಕರೆ.

ಟಿಎಂಸಿ, ಕ್ಯೂಸೆಕ್ ಎಂದರೆ ಬಹಳ ಜನಕ್ಕೆ ಪತ್ರಿಕೆಯ ಮಾತು. ಅದನ್ನು ಗದ್ದೆಯ ಲೆಕ್ಕಕ್ಕೆ ಇಳಿಸೋಣ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಅಷ್ಟು ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಸುಮಾರು 24.5 ಲಕ್ಷ ಲೀಟರ್. ಒಂದು ಎಕರೆ ಗದ್ದೆಯಲ್ಲಿ 5 ಸೆಂಟಿಮೀಟರ್, ಅಂದರೆ ಎರಡು ಇಂಚು ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಹಾಗಾದರೆ ಒಂದು ಕ್ಯೂಸೆಕ್ ಒಂದು ದಿನಕ್ಕೆ ಸುಮಾರು 12 ಎಕರೆಗೆ ಎರಡು ಇಂಚು ನೀರು ಕೊಡುತ್ತದೆ. ಇದು ಹೊಲಗಾಲುವೆಯಲ್ಲಿ ಸೋರುವುದನ್ನು, ಗದ್ದೆಯಲ್ಲಿ ಇಂಗುವುದನ್ನು ಬಿಟ್ಟ ಲೆಕ್ಕ.

ಇನ್ನು ನಮ್ಮ ಸುತ್ತ ನೋಡಿ. ಚಾನಲ್ ಕೆಳಗೆ ಭತ್ತದವರು. ಭತ್ತದ ಗದ್ದೆಯನ್ನೇ ಅಡಿಕೆ ತೋಟ ಮಾಡಿಕೊಂಡವರು. ಪಕ್ಕದಲ್ಲಿ ಸೂಳೆಕೆರೆ. ಅದು ಈಗಿನ ಶಾಂತಿಸಾಗರ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ನಮ್ಮ ಹಿರಿಯರು ಕಟ್ಟಿದ ಸುಮಾರು ಆರೂವರೆ ಸಾವಿರ ಎಕರೆಯ ಕೆರೆ. ಅದರ ಸಿದ್ಧನಾಲೆ, ಬಸವನಾಲೆಗಳ ಕೆಳಗೆ ಬೇರೆ ರೈತರು. ಅತ್ತ ಹೊನ್ನಾಳಿ, ನ್ಯಾಮತಿ ಕಡೆ ತುಂಗಭದ್ರೆಯ ದಂಡೆಯವರು. ಇತ್ತ ಜಗಳೂರಿನಲ್ಲಿ ಮಳೆ ನಂಬಿ ಮೆಕ್ಕೆಜೋಳ, ಶೇಂಗಾ ಹಾಕಿ, ಬೋರು ಕೊರೆಸಿ ಕೈಸುಟ್ಟುಕೊಂಡವರು.

ಇವರೆಲ್ಲ ಬೇರೆ ಬೇರೆ ಎಂದು ನಾವು ತಿಳಿದಿದ್ದೇವೆ. ನೀರಿಗೆ ಹಾಗೆ ಗೊತ್ತಿಲ್ಲ. ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾದ ಮೇಲೆ ಹರಿಯುವುದೂ ಅದೇ ನೀರು. ಜಗಳೂರಿನ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಎತ್ತುವುದು ತುಂಗಭದ್ರೆಯಿಂದ. ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿಯಲ್ಲಿ 17.4 ತುಂಗೆಯದು, 12.5 ಭದ್ರೆಯದು. ಅದರ ಅಚ್ಚುಕಟ್ಟಿನಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರಿನ ಜತೆ ನಮ್ಮ ಜಗಳೂರೂ ಇದೆ. ಇಲ್ಲಿ ಭತ್ತದವನು ಎರಡು ಇಂಚು ಹೆಚ್ಚು ನಿಲ್ಲಿಸಿದರೆ ಅದು ಎಲ್ಲೋ ಒಬ್ಬರಿಗೆ ಕಡಿಮೆಯಾಗುತ್ತದೆ. ಹಾಗೆಯೇ ಚಾನಲ್ ನೀರು ಇಂಗಿದ್ದರಿಂದಲೇ ಪಕ್ಕದ ತೋಟದ ಬೋರು ಜೀವ ಹಿಡಿದಿರುವುದೂ ಉಂಟು.

ನೀರು ತುಂಬಿದ ವರ್ಷ ಇದೆಲ್ಲ ನೆನಪಾಗುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬದೆ ಹೋದಾಗ ನೆನಪಾಯಿತು. ನಾಟಿ ಮಾಡಿ ಕೂತವರು ನೀರು ನಿಲ್ಲಿಸಬೇಡಿ ಎಂದು ಬೀದಿಗಿಳಿದರು. ತೋಟದವರು ಬೇಸಿಗೆಗೆ ಉಳಿಸಿ ಎಂದರು. ಇಬ್ಬರದೂ ನ್ಯಾಯವೇ. ಭತ್ತ ಹೋದರೆ ಆ ವರ್ಷದ ಅನ್ನ ಹೋಯಿತು. ತೋಟ ಒಂದು ಬೇಸಿಗೆ ಒಣಗಿದರೆ ಐದಾರು ವರ್ಷದ ದುಡಿಮೆ ಹೋಯಿತು. ಆದರೆ ಎಷ್ಟು ನೀರಿನಲ್ಲಿ ಎಷ್ಟು ಎಕರೆ ಉಳಿಸಬಹುದು ಎಂಬ ಲೆಕ್ಕ ರೈತರ ಕೈಯಲ್ಲಿ ಇರಲಿಲ್ಲ.

ವಿಜ್ಞಾನಿಗಳೇ ಒಟ್ಟಿಗೆ ಕಲಿಯಲು ಕೂತ ಕತೆ

ಈ ಅವಸ್ಥೆ ನಮ್ಮದು ಮಾತ್ರ ಅಲ್ಲ. ನದಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೂ ಇದೇ ತೊಡಕು ಬಂದಿತ್ತು. ಒಂದು ನದಿಯ ಮೇಲೆ ಕೆಲಸ ಮಾಡಿದವರು ಏನು ಕಲಿತರೆಂದು ಇನ್ನೊಂದು ನದಿಯವರಿಗೆ ಗೊತ್ತಾಗುತ್ತಿರಲಿಲ್ಲ.

ಫಿಲಿಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆ, ಹೈದರಾಬಾದ್ ಬಳಿ ಪಟಾನ್‌ಚೆರುವಿನ ಇಕ್ರಿಸ್ಯಾಟ್, ಶ್ರೀಲಂಕಾದ ಅಂತಾರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ ಮುಂತಾದವು ಒಂದು ಅಂತಾರಾಷ್ಟ್ರೀಯ ಒಕ್ಕೂಟದಲ್ಲಿವೆ. ಆ ಒಕ್ಕೂಟ 2002ರಲ್ಲಿ ನೀರು ಮತ್ತು ಆಹಾರ ಎಂಬ ವಿಷಯದ ಮೇಲೆ ದೊಡ್ಡದೊಂದು ಸವಾಲು ಕಾರ್ಯಕ್ರಮ ಆರಂಭಿಸಿತು. 2013ರವರೆಗೆ ಅದು ನಡೆಯಿತು. ಎರಡನೇ ಹಂತದಲ್ಲಿ ಆರು ಕಡೆಯ ನದಿಬಯಲುಗಳನ್ನು ಆರಿಸಿಕೊಂಡರು: ನಮ್ಮ ಗಂಗಾ, ಆಗ್ನೇಯ ಏಷ್ಯಾದ ಮೆಕಾಂಗ್, ಆಫ್ರಿಕದ ನೈಲ್, ವೋಲ್ಟಾ, ಲಿಂಪೋಪೊ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ನದಿಗಳು.

ಒಂದೊಂದು ನದಿಗೂ ಒಂದೊಂದು ತಂಡ ಇತ್ತು. ಅದರ ಜತೆಗೆ ಇನ್ನೊಂದು ಕೆಲಸ ಮಾಡಿದರು. ನದಿ ಯಾವುದೇ ಇರಲಿ, ಒಂದೇ ಪ್ರಶ್ನೆ ಇಟ್ಟುಕೊಂಡವರೆಲ್ಲ ಸೇರಿದ ವಿಷಯವಾರು ಗುಂಪುಗಳನ್ನು ಕಟ್ಟಿದರು. ಮೇಲಿನವರು ನೀರು ಕಾಪಾಡಿದ್ದಕ್ಕೆ ಕೆಳಗಿನವರು ಏನು ಕೊಡಬೇಕು ಎಂಬುದು ಒಂದು ಗುಂಪಿನ ಪ್ರಶ್ನೆ. ಕುಡಿಯಲು, ದನಕ್ಕೆ, ಬೆಳೆಗೆ ಒಂದೇ ನೀರನ್ನು ಹಲವು ಬಗೆಯಲ್ಲಿ ಬಳಸುವುದು ಹೇಗೆ ಎಂಬುದು ಇನ್ನೊಂದರದು. ನದಿ ಬೇರೆ, ನೆಲ ಬೇರೆ, ಭಾಷೆ ಬೇರೆ. ಪ್ರಶ್ನೆ ಮಾತ್ರ ಒಂದೇ.

ಇದರಿಂದ ರೈತರಿಗೆ ಏನಾಯಿತು ಎಂದು ಕೇಳುವುದು ನ್ಯಾಯ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಸಣ್ಣ ಕೆರೆಗಳದು. ವೋಲ್ಟಾ, ಲಿಂಪೋಪೊ, ಬ್ರೆಜಿಲಿನ ಸಾವೊ ಫ್ರಾನ್ಸಿಸ್ಕೊ ಈ ಮೂರು ನದಿಬಯಲುಗಳಲ್ಲೂ ನಮ್ಮ ಜಗಳೂರಿನ ಹಾಗೆ ಊರೂರಿಗೆ ಸಣ್ಣ ಕೆರೆಕಟ್ಟೆಗಳಿವೆ. ಎಷ್ಟಿವೆ, ಎಷ್ಟು ನೀರು ಹಿಡಿಯುತ್ತವೆ ಎಂಬ ಲೆಕ್ಕ ಸರಕಾರಗಳ ಬಳಿ ಸರಿಯಾಗಿ ಇರಲಿಲ್ಲ. ಕಾರ್ಯಕ್ರಮದ ಮೊದಲ ಹಂತದಲ್ಲಿ ಮೂರೂ ಕಡೆಯವರು ಸೇರಿದರು. ಕೆಲವು ಕೆರೆಗಳ ಆಳವನ್ನು ಕೈಯಾರೆ ಅಳೆದು, ನೀರು ಹರಡಿದ ವಿಸ್ತೀರ್ಣಕ್ಕೂ ನೀರಿನ ಗಾತ್ರಕ್ಕೂ ಇರುವ ಸಂಬಂಧ ಹಿಡಿದರು. ಆಮೇಲೆ ಉಪಗ್ರಹದ ಚಿತ್ರದಲ್ಲಿ ಕೆರೆಯ ಹರವು ನೋಡಿಯೇ ನೀರೆಷ್ಟಿದೆ ಎಂದು ಅಂದಾಜು ಮಾಡುವುದು ಸಾಧ್ಯವಾಯಿತು. ನಮ್ಮ ಹಿರಿಯರು ಕೆರೆಯ ಕಲ್ಲಿನ ಗುರುತು ನೋಡಿ ಈ ಸಲ ಎಷ್ಟು ನಾಟಿ ಎಂದು ನಿರ್ಧರಿಸುತ್ತಿದ್ದುದೂ ಇದೇ ವಿದ್ಯೆ ಅಲ್ಲವೇ?

ಎರಡನೆಯದು ಬಾಂಗ್ಲಾದೇಶದ ಕರಾವಳಿಯದು. ಅಲ್ಲಿ ಸಮುದ್ರದ ನೀರು ನುಗ್ಗದಂತೆ ಸುತ್ತ ಏರಿ ಹಾಕಿದ ಗದ್ದೆ ಬಯಲುಗಳಿವೆ. ಪೋಲ್ಡರ್ ಎನ್ನುತ್ತಾರೆ. ಎಲ್ಲರ ಗದ್ದೆಯ ನೀರೂ ಒಂದೇ ತೂಬಿನಿಂದ ಹೊರಗೆ ಹೋಗಬೇಕು. ಎತ್ತರದ ಗದ್ದೆಯವನಿಗೆ ನೀರು ನಿಲ್ಲಬೇಕು, ತಗ್ಗಿನವನಿಗೆ ನೀರು ಹೋಗಬೇಕು. ಜಗಳ ತಪ್ಪದು. 30ನೇ ನಂಬರಿನ ಪೋಲ್ಡರ್‌ನಲ್ಲಿ ಒಂದು ತುಂಡು ಬಯಲಿನವರು ಒಟ್ಟಿಗೆ ಕೂತು, ಯಾವ ತಳಿ, ಯಾವಾಗ ನಾಟಿ, ಯಾವಾಗ ತೂಬು ತೆಗೆಯುವುದು ಎಂದು ಮಾತಾಡಿಕೊಂಡರು. ನೀರು ಬೇಗ ಬಸಿದಿದ್ದರಿಂದ ಭತ್ತದ ನಂತರ ಸೂರ್ಯಕಾಂತಿಯಂಥ ಬೆಳೆಯನ್ನೂ ಹೊತ್ತಿಗೆ ಸರಿಯಾಗಿ ಹಾಕಲು ಆಯಿತು. ಹೊಸ ನೀರು ಒಂದು ಹನಿಯೂ ಬರಲಿಲ್ಲ. ಬಂದದ್ದು ಒಮ್ಮತ.

ಮೂರನೆಯದು ಇಥಿಯೋಪಿಯಾದ ಬೆಟ್ಟದ ಸೀಮೆ. ನೈಲ್ ನದಿಗೆ ನೀರು ಹೋಗುವುದು ಅಲ್ಲಿಂದ. ಮಣ್ಣು ಕೊಚ್ಚಿ ಹೋಗುವುದನ್ನು ತಡೆಯಲು ಬದು ಹಾಕಿ ಎಂದು ಅಧಿಕಾರಿಗಳು. ಬದುವಿಗೆ ಜಾಗ ಹೋದರೆ ದನಕ್ಕೆ ಮೇವೆಲ್ಲಿ ಎಂದು ರೈತರು. ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿದ ಮೇಲೆ ಬದುವಿನ ಮೇಲೆ ಮೇವಿನ ಹುಲ್ಲು ಬೆಳೆಸುವ ದಾರಿ ಹೊಳೆಯಿತು. ನಮಗೆ ಇದು ದೊಡ್ಡ ಸುದ್ದಿ ಅಲ್ಲದಿರಬಹುದು. ಆದರೆ ಅಧಿಕಾರಿ ಹೇಳುವುದು, ರೈತ ಕೇಳುವುದು ಎಂಬ ಕ್ರಮ ಅಲ್ಲಿ ತಿರುಗಿತು ಎಂಬುದು ಸುದ್ದಿ.

ಪಕ್ಕದ ಸೀಮೆಯ ರೈತರು ಮಾಡಿ ತೋರಿಸಿದ್ದು

ಅಷ್ಟು ದೂರ ಹೋಗುವುದೇಕೆ ಎನ್ನುವವರಿಗೆ ನಮ್ಮ ಗಡಿಯಾಚೆಯ ಅನಂತಪುರ, ಕರ್ನೂಲು ಇವೆ. ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ರೈತರೇ ಅಂತರ್ಜಲ ನೋಡಿಕೊಳ್ಳುವ ಯೋಜನೆಯೊಂದು ನಡೆಯಿತು. 2010ರಲ್ಲಿ ಅದು ಮುಗಿಯಿತು.

ಅಲ್ಲಿ ಯಾರಿಗೂ ಸಬ್ಸಿಡಿ ಕೊಡಲಿಲ್ಲ. ಇಂಥ ಬೆಳೆ ಹಾಕಿ ಎಂದು ಅಪ್ಪಣೆಯನ್ನೂ ಮಾಡಲಿಲ್ಲ. ಮಾಡಿದ್ದು ಇಷ್ಟು. ಊರಿನಲ್ಲಿ ಮಳೆಮಾಪಕ ಇಟ್ಟರು. ಗುರುತು ಮಾಡಿದ ಬೋರುಗಳಲ್ಲಿ ಎಷ್ಟು ಆಳಕ್ಕೆ ನೀರಿದೆ ಎಂದು ರೈತರೇ ಆಗಾಗ ಅಳೆದರು. ಗಂಡಸರೂ ಹೆಂಗಸರೂ ಅಳತೆ ಕಲಿತರು. ಊರ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಕಿ ಬರೆದರು. ಹಿಂಗಾರಿಗೆ ಮುಂಚೆ ಒಂದು ಹಳ್ಳದ ಸುತ್ತಿನ ಊರಿನವರೆಲ್ಲ ಕೂತು ಬೆಳೆ-ನೀರಿನ ಬಜೆಟ್ ಮಾಡಿದರು: ಭೂಮಿಯಲ್ಲಿ ಇಷ್ಟು ನೀರಿದೆ, ನಾವು ಅಂದುಕೊಂಡ ಬೆಳೆಗೆಲ್ಲ ಇಷ್ಟು ಬೇಕು, ಕೊರತೆ ಇಷ್ಟು. ಇಷ್ಟು ಗೊತ್ತಾದ ಮೇಲೆ ಮನೆಗೆ ಹೋಗಿ ಅವರವರ ತೀರ್ಮಾನ.

ಫಲವೇನು? ವಿಶ್ವಬ್ಯಾಂಕಿನ 2010ರ ವರದಿಯೊಂದರ ಪ್ರಕಾರ, ನೋಡಿದ ಹಳ್ಳದ ಬಯಲುಗಳಲ್ಲಿ ನೂರಕ್ಕೆ 42ರಲ್ಲಿ ಹಿಂಗಾರಿನ ನೀರೆತ್ತುವುದು ಮೂರು ವರ್ಷವೂ ಬಿಡದೆ ಇಳಿಯಿತು. 51ರಲ್ಲಿ ಕೆಲವು ವರ್ಷ ಇಳಿಯಿತು. ಹೆಚ್ಚಾದದ್ದು 7ರಲ್ಲಿ ಮಾತ್ರ. ಕಾನೂನಿನಿಂದಲೂ ಹೆದರಿಕೆಯಿಂದಲೂ ಆಗದ್ದು ಅಂಕಿ ಕಣ್ಣಿಗೆ ಕಂಡಿದ್ದರಿಂದ ಆಯಿತು. ಭತ್ತ ಕಡಿಮೆ ಮಾಡಿ ನೀರು ಕಡಿಮೆ ಸಾಕಾಗುವ ಬೆಳೆಗೆ ಹೋದವರಿಗೆ ನಷ್ಟದ ಭಯವೂ ಕಡಿಮೆಯಾಯಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಯೋಜನೆಯ ಹಣ ಮುಗಿದ ಮೇಲೆ ಎಲ್ಲ ಊರಲ್ಲೂ ಅದೇ ಹುರುಪು ಉಳಿಯಲಿಲ್ಲ. ಸವಾಲು ಕಾರ್ಯಕ್ರಮದ ಗುಂಪುಗಳೂ 2013ರಲ್ಲಿ ಅದರೊಡನೆ ಮುಗಿದವು. ಹೊರಗಿನ ದುಡ್ಡಿನ ಮೇಲೆ ನಿಂತ ಗುಂಪು ದುಡ್ಡಿನ ಜತೆ ಹೋಗುತ್ತದೆ. ನಮ್ಮ ಗುಂಪು ನಮ್ಮ ಖರ್ಚಿನಲ್ಲೇ ನಡೆಯುವಷ್ಟು ಸಣ್ಣದಿರಬೇಕು ಎಂದು ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಏನಿದೆ, ಏನಿಲ್ಲ

ಕರ್ನಾಟಕದಲ್ಲಿ ಸಂಘಗಳಿಗೆ ಬರವಿಲ್ಲ. 1965ರ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ಬಂದ ಮೇಲೆ ಚಾನಲ್ ಕೆಳಗೆ ನೀರು ಬಳಕೆದಾರರ ಸಹಕಾರ ಸಂಘಗಳು ಆದವು. ಅವುಗಳ ಮೇಲೆ ಮಹಾಮಂಡಳವೂ ಇದೆ. ಶಿವಮೊಗ್ಗದಲ್ಲಿ ಭದ್ರಾ ಕಾಡಾ ಇದೆ. ಧಾರವಾಡದಲ್ಲಿ ನೀರು ಮತ್ತು ನೆಲ ನಿರ್ವಹಣೆ ಕಲಿಸುವ ವಾಲ್ಮಿ ಇದೆ. ಅಂತರ್ಜಲಕ್ಕೆಂದು 2020ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ದಾವಣಗೆರೆಯೂ ಸೇರಿ ರಾಜ್ಯದ 14 ಜಿಲ್ಲೆಗಳನ್ನು ತೆಗೆದುಕೊಂಡರು. ಅದರಲ್ಲೂ ಪಂಚಾಯ್ತಿ ಮಟ್ಟದ ನೀರಿನ ಬಜೆಟ್ ಇತ್ತು.

ಇಲ್ಲದ್ದು ಒಂದೇ. ಸಂಘದಲ್ಲಿ ಕರ ವಸೂಲಿ, ಚುನಾವಣೆ, ಹೂಳು ತೆಗೆಸುವ ಗುತ್ತಿಗೆ ಇವುಗಳ ಮಾತಾಗುತ್ತದೆ. ಈ ಹಂಗಾಮಿನಲ್ಲಿ ನಾವೇನು ಕಲಿತೆವು ಎಂಬ ಮಾತು ಆಗುವುದಿಲ್ಲ. ತರಬೇತಿ ಎಂದರೆ ಒಬ್ಬರು ಮೈಕ್ ಹಿಡಿಯುವುದು, ನೂರು ಜನ ಊಟದ ಹೊತ್ತು ಕಾಯುವುದು. ಕಲಿಕೆಯ ಗುಂಪು ಬೇರೆ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಹೊಲದಿಂದ ಒಂದು ಅಂಕಿ ತರಬೇಕು. ತಂದವರು ಮಾತಾಡಬೇಕು.

1989ರಲ್ಲಿ ಇಂಡೋನೇಷ್ಯಾದ ಭತ್ತದ ರೈತರು ಗದ್ದೆಯ ಬದುವಿನ ಮೇಲೆಯೇ ಪಾಠಶಾಲೆ ಮಾಡಿಕೊಂಡದ್ದು ಹೀಗೆಯೇ. ವಾರಕ್ಕೊಮ್ಮೆ ಗದ್ದೆಗಿಳಿದು ಕಂದು ಜಿಗಿಹುಳು ಎಷ್ಟು, ಅದನ್ನು ತಿನ್ನುವ ಜೇಡ ಎಷ್ಟು ಎಂದು ಎಣಿಸಿ, ಔಷಧಿ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸಿದರು. ಹುಳ ಎಣಿಸಿದ ಹಾಗೆ ನೀರನ್ನೂ ಎಣಿಸಬಹುದು.

ಶುರು ಮಾಡುವುದು ಹೇಗೆ?

ಒಂದು ಉಪನಾಲೆ ಹಿಡಿಯಿರಿ. ಹನ್ನೆರಡರಿಂದ ಹದಿನೈದು ಜನ ಸಾಕು. ಮೇಲ್ಭಾಗದವರು ನಾಲ್ಕು, ನಡುವಿನವರು ನಾಲ್ಕು, ಕೊನೆಯವರು ನಾಲ್ಕು. ಅವರಲ್ಲಿ ಭತ್ತದವರೂ ಇರಲಿ, ತೋಟದವರೂ ಇರಲಿ. ಗೇಣಿಗೆ ಮಾಡುವವರನ್ನು ಬಿಡಬೇಡಿ. ನಾಟಿ, ಕಳೆ ಕೆಲಸ ಮಾಡುವ ಹೆಣ್ಣುಮಕ್ಕಳು ಇರಲೇಬೇಕು. ಗದ್ದೆಯಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಇಲ್ಲ ಎಂದು ಅವರ ಕಾಲಿಗೆ ಗೊತ್ತು. ಸೌಡಿಯನ್ನು ಬೈಯಲು ಅಲ್ಲ, ಕೇಳಲು ಕರೆಯಿರಿ. ಒಂದು ಹಂಗಾಮಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ: ನಮ್ಮ ಉಪನಾಲೆಯಲ್ಲಿ ಮೇಲಿನ ತೂಬಿಗೂ ಕೊನೆಯ ತೂಬಿಗೂ ಬರುವ ನೀರಿನ ವ್ಯತ್ಯಾಸ ಎಷ್ಟು?

ಅಳೆಯಲು ಬೇಕಾದವು ನಾಲ್ಕು.

ಒಂದು, ಮಳೆಮಾಪಕ. ಮರದ ನೆರಳಿಲ್ಲದ ಬಯಲಿನಲ್ಲಿ ನೆಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆಯಿರಿ. 1 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್. 25 ಮಿಲಿಮೀಟರಿನ ಒಂದು ಒಳ್ಳೆಯ ಮಳೆ ಎಕರೆಗೆ ಲಕ್ಷ ಲೀಟರ್ ಕೊಟ್ಟ ಹಾಗೆ. ಅಂಥ ಮಳೆ ಬಿದ್ದ ರಾತ್ರಿ ತೂಬು ಮುಚ್ಚಿದರೆ ಆ ನೀರು ಕೆಳಗಿನವರಿಗೆ ಹೋಗುತ್ತದೆ.

ಎರಡು, ಮೂಲೆಗಚ್ಚಿನ ಹಲಗೆ. ಒಂದು ತಗಡು ಅಥವಾ ಹಲಗೆಯ ನಡುವೆ ಸರಿಯಾಗಿ 90 ಡಿಗ್ರಿಯ, ಅಂದರೆ ಬಡಗಿಯ ಮೂಲೆಮಟ್ಟ ಕೂರುವಂಥ ಕಚ್ಚು ತೆಗೆಸಿ. ಹೊಲಗಾಲುವೆಗೆ ಅಡ್ಡವಾಗಿ, ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಸೋರದಂತೆ ಮಣ್ಣು ಮೆತ್ತಿ. ಎಲ್ಲ ನೀರೂ ಕಚ್ಚಿನಿಂದಲೇ ಹಾರಿ ಬೀಳಬೇಕು. ಕೆಳಗಡೆ ನೀರು ಏರಿ ಕಚ್ಚು ಮುಳುಗಬಾರದು. ಹಲಗೆಯಿಂದ ಒಂದೆರಡು ಮಾರು ಮೇಲಕ್ಕೆ ಒಂದು ಕಡ್ಡಿ ನೆಟ್ಟು, ಕಚ್ಚಿನ ತಳದ ಮಟ್ಟದಿಂದ ನೀರು ಎಷ್ಟು ಎತ್ತರ ನಿಂತಿದೆ ಎಂದು ನೋಡಿ. 5 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಮುಕ್ಕಾಲು ಲೀಟರಿನಷ್ಟು. 10 ಇದ್ದರೆ 4.4 ಲೀಟರ್. 15 ಇದ್ದರೆ 12 ಲೀಟರ್. 20 ಇದ್ದರೆ ಸುಮಾರು 25 ಲೀಟರ್. ಗಮನಿಸಿ, ಎತ್ತರ ಎರಡು ಪಾಲಾದರೆ ನೀರು ಐದು ಪಾಲಿಗಿಂತ ಹೆಚ್ಚಾಗುತ್ತದೆ. ಕಣ್ಣಂದಾಜು ನಮ್ಮನ್ನು ಮೋಸ ಮಾಡುವುದು ಇಲ್ಲಿಯೇ. ಸೆಕೆಂಡಿಗೆ 12 ಲೀಟರ್ ಬಂದರೆ ಒಂದು ಎಕರೆಗೆ ಎರಡು ಇಂಚು ನಿಲ್ಲಲು ನಾಲ್ಕೂಮುಕ್ಕಾಲು ಗಂಟೆ ಸಾಕು. ಹೊಲಗಾಲುವೆಯ ಸೋರಿಕೆ, ಗದ್ದೆ ಕುಡಿಯುವುದು ಸೇರಿದರೆ ಇನ್ನೂ ಹೆಚ್ಚು. ನಿಮ್ಮಲ್ಲಿ ಎಷ್ಟು ಹಿಡಿಯಿತು ಎಂದು ಬರೆದಿಟ್ಟರೆ ಸೋರಿಕೆಯ ಲೆಕ್ಕವೂ ಸಿಕ್ಕಿತು.

ಮೂರು, ಭತ್ತದ ಗದ್ದೆಗೆ ತೂತಿನ ಕೊಳವೆ. ಭತ್ತಕ್ಕೆ ಸದಾ ನೀರು ನಿಂತಿರಬೇಕು ಎಂಬುದು ನಮ್ಮ ಅಭ್ಯಾಸ, ಭತ್ತದ ಬೇಡಿಕೆ ಅಲ್ಲ. ಒಂದು ಅಡಿ ಉದ್ದದ, ನಾಲ್ಕಾರು ಇಂಚು ಅಗಲದ ಪಿವಿಸಿ ಕೊಳವೆಗೆ ಕೆಳಗಿನ 20 ಸೆಂಟಿಮೀಟರಿನಷ್ಟು ಸುತ್ತಲೂ ತೂತು ಹಾಕಿ, ಆ ಭಾಗ ಮಣ್ಣಿನಲ್ಲಿ ಹೂಳಿ. ಒಳಗಿನ ಮಣ್ಣು ತೆಗೆದುಬಿಡಿ. ಗದ್ದೆಯ ಮೇಲೆ ನೀರು ಕಾಣದಿದ್ದರೂ ಒಳಗೆ ಎಷ್ಟು ಆಳಕ್ಕೆ ಇದೆ ಎಂದು ಕೊಳವೆ ತೋರಿಸುತ್ತದೆ. ನಾಟಿಯ ಬೇರು ಹಿಡಿದು ಎರಡು ವಾರ ಕಳೆದ ಮೇಲೆ, ನೀರು 15 ಸೆಂಟಿಮೀಟರ್ ಕೆಳಗಿಳಿಯುವ ತನಕ ಕಾಯಬಹುದು. ಆಮೇಲೆ ಎರಡು ಇಂಚು ಕಟ್ಟಿ. ಹೂ ಬರುವ ಹಿಂದಿನ ವಾರದಿಂದ ಮುಂದಿನ ವಾರದವರೆಗೆ ಮಾತ್ರ ನೀರು ನಿಂತಿರಲಿ. ಫಿಲಿಪೀನ್ಸಿನ ಭತ್ತ ಸಂಸ್ಥೆಯವರ ಅನುಭವದಲ್ಲಿ ಇದರಿಂದ ನೂರಕ್ಕೆ 30ರವರೆಗೂ ನೀರು ಉಳಿಯುತ್ತದೆ, ಇಳುವರಿ ಇಳಿಯುವುದಿಲ್ಲ. ಕಳೆ ಮಾತ್ರ ಸ್ವಲ್ಪ ಹೆಚ್ಚು ನೋಡಿಕೊಳ್ಳಬೇಕು. ಮೊದಲ ವರ್ಷ ಎಲ್ಲ ಗದ್ದೆಗೂ ಮಾಡಬೇಡಿ. ಒಂದು ಮಡಿಯಲ್ಲಿ ಮಾಡಿ, ಪಕ್ಕದ ಮಡಿಯನ್ನು ಎಂದಿನಂತೆ ಬಿಟ್ಟು ಎರಡನ್ನೂ ತೂಕ ಹಾಕಿ.

ನಾಲ್ಕು, ಬೋರಿಗೆ ಡ್ರಮ್ಮು. "ಎರಡಿಂಚು ನೀರೈತೆ" ಎನ್ನುತ್ತೇವೆ. ನಿಮ್ಮ ಎರಡಿಂಚೂ ನನ್ನ ಎರಡಿಂಚೂ ಒಂದೇ ಅಲ್ಲ. 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ತಿಂಗಳಿಗೊಮ್ಮೆ ಅದೇ ದಿನ ಅಳೆಯಿರಿ. ಚಾನಲ್ ನಿಂತ ಎಷ್ಟು ದಿನಕ್ಕೆ ಬೋರು ಇಳಿಯಿತು ಎಂದು ಗೊತ್ತಾದರೆ, ಚಾನಲ್ ನೀರಿಗೂ ತೋಟದ ಬೋರಿಗೂ ಇರುವ ನಂಟು ಕಾಣುತ್ತದೆ.

ಇದಕ್ಕೆಲ್ಲ ಒಂದು ನೋಟ್‌ಬುಕ್. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂರುವುದು. ಒಮ್ಮೆ ಮೇಲಿನವರ ಗದ್ದೆಯಲ್ಲಿ, ಮುಂದಿನ ಸಲ ಕೊನೆಯವರ ಗದ್ದೆಯಲ್ಲಿ. ಮೇಲಿನವರು ಒಂದು ಸಲ ನಮ್ಮ ಬಿರುಕು ಬಿಟ್ಟ ಗದ್ದೆಯ ಮೇಲೆ ನಿಂತು ನೋಡಬೇಕು. ನಾವೂ ಒಂದು ಸಲ ಅವರ ಜೌಗು ಹಿಡಿದ ಗದ್ದೆಯಲ್ಲಿ ಕಾಲಿಟ್ಟು ನೋಡಬೇಕು. ಸಭೆಯಲ್ಲಿ ಅಂಕಿ ಓದದೆ ದೂರು ಹೇಳುವಂತಿಲ್ಲ ಎಂಬ ಒಂದೇ ಕಟ್ಟಳೆ ಸಾಕು.

ಮೇಲಿನವರು ಯಾಕೆ ಬರುತ್ತಾರೆ?

ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನೀರು ಸಿಗುವವನಿಗೆ ಅಳೆಯುವ ದರ್ದೇನು? ನಿಜ. ಉಪದೇಶಕ್ಕೆ ಯಾರೂ ಬರುವುದಿಲ್ಲ. ಆದರೆ ಅವರಿಗೂ ಕಷ್ಟವಿದೆ. ಸದಾ ನೀರು ನಿಂತ ನೆಲ ಜೌಗಾಗುತ್ತದೆ, ಹಾಕಿದ ಗೊಬ್ಬರ ಕೊಚ್ಚಿ ಹೋಗುತ್ತದೆ. ಜತೆಗೆ ಪ್ರತಿ ಶಾಖೆಗೂ, ಪ್ರತಿ ಉಪನಾಲೆಗೂ ತನ್ನದೇ ಕೊನೆ ಇದೆ. ನಮ್ಮ ಉಪನಾಲೆಯಲ್ಲಿ ಮೇಲಿನವನು ಶಾಖಾನಾಲೆಯ ಲೆಕ್ಕದಲ್ಲಿ ಕೊನೆಯವನಾಗಿರಬಹುದು. 2023ರಂಥ ವರ್ಷ ಬಂದರೆ ಮೇಲಿನವನೂ ಕೊನೆಯವನೇ.

ಇಂಥ ಗುಂಪಿನಿಂದ ಆಗದ್ದೂ ಇದೆ. ಅಣೆಕಟ್ಟೆಯ ಗೇಟು ಯಾವಾಗ ತೆಗೆಯಬೇಕೆಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ನಾವಲ್ಲ. ನಾಲೆಗೆ ಕದ್ದು ಪಂಪು ಹಾಕುವವರನ್ನು ತಡೆಯುವುದು ಇಲಾಖೆಯ ಕೆಲಸ. ಒಡೆದ ಲೈನಿಂಗು ಸರಿ ಮಾಡಿಸಲು ನಮ್ಮ ನೋಟ್‌ಬುಕ್ಕಿಗೆ ಆಗದು. ಆದರೆ "ನಮಗೆ ನೀರು ಬರ್ತಿಲ್ಲ ಸಾರ್" ಎಂಬ ಮನವಿಗೂ, "ಇಂಥ ದಿನದಿಂದ ಇಂಥ ದಿನದವರೆಗೆ ಮೇಲಿನ ತೂಬಿಗೆ ಸೆಕೆಂಡಿಗೆ ಇಷ್ಟು ಲೀಟರ್, ಕೊನೆಯ ತೂಬಿಗೆ ಇಷ್ಟು" ಎಂದು ಮೇಲಿನವರೂ ಕೆಳಗಿನವರೂ ಸೇರಿ ಸಹಿ ಹಾಕಿದ ಕಾಗದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದನ್ನು ಫೈಲಿನಲ್ಲಿ ಇಡುತ್ತಾರೆ. ಎರಡನೆಯದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಒಂದು ಉಪನಾಲೆಯಲ್ಲಿ ಇದು ನಡೆದರೆ ಮುಂದಿನದು ತಾನಾಗಿ ಬರುತ್ತದೆ. ಚಾನಲ್ ಕೆಳಗಿನ ಒಂದು ಗುಂಪು, ಸೂಳೆಕೆರೆ ಕೆಳಗಿನ ಒಂದು, ಹೊನ್ನಾಳಿಯ ಹೊಳೆದಂಡೆಯ ಒಂದು, ಜಗಳೂರಿನ ಕೆರೆಯ ಒಂದು. ವರ್ಷಕ್ಕೊಮ್ಮೆ ನಾಲ್ಕೂ ಕಡೆಯ ನೋಟ್‌ಬುಕ್ ಒಂದೇ ಮೇಜಿನ ಮೇಲೆ ಬರಲಿ. ಆರು ದೇಶಸೀಮೆಯ ನದಿಗಳವರು ವಿಮಾನದಲ್ಲಿ ಬಂದು ಮಾಡಿದ್ದನ್ನು ನಾವು ಬಸ್ಸಿನಲ್ಲಿ ಬಂದು ಮಾಡಬಹುದು. ಜಗಳೂರಿನವರು ಬೊಗಸೆ ನೀರಿನಲ್ಲಿ ಬೆಳೆಯುವುದನ್ನು ನಮಗೆ ಕಲಿಸಲಿ. ನಾವು ಉಳಿಸಿದ್ದನ್ನು ಲೆಕ್ಕ ಸಮೇತ ಅವರಿಗೆ ತೋರಿಸೋಣ.

ಹೆಚ್ಚೇನೂ ಬೇಡ. ಮುಂದಿನ ಸಲ ಚಾನಲ್‌ಗೆ ನೀರು ಬಿಡುವ ಮೊದಲು ಬಡಗಿಯ ಹತ್ತಿರ ಎರಡು ಹಲಗೆಗೆ ಕಚ್ಚು ತೆಗೆಸಿಕೊಳ್ಳಿ. ಒಂದನ್ನು ಮೇಲಿನವರ ಕಾಲುವೆಗೆ ಹಾಕಿ, ಒಂದನ್ನು ನಿಮ್ಮದಕ್ಕೆ. ನೀರು ಬಂದ ದಿನ ಇಬ್ಬರೂ ಸೇರಿ ನೋಡಿ ಬರೆಯಿರಿ. ಆ ಸಂಜೆ ಚಹಾದಂಗಡಿಯಲ್ಲಿ ಜಗಳವಾದರೂ ಚಿಂತೆಯಿಲ್ಲ. ಅದು ಲೆಕ್ಕದ ಮೇಲಿನ ಜಗಳವಾಗಿರುತ್ತದೆ. ಅಂಥ ಜಗಳಕ್ಕೆ ಒಂದು ಕೊನೆ ಇರುತ್ತದೆ.